ಮೇಷ್ಟ್ರ ಹಗೇವು ಯಾವ ಫೋಲ್ಡರಿನಲ್ಲಿತ್ತು?

ಹೋದ ವರ್ಷ ಕಾರ್ತಿಕದಲ್ಲಿ ಸೋಲೂರಿನ ಹೈವೇ ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದೆ. ಪರಿಚಯದವನೊಬ್ಬ ಬಂದು ಉಗುರಿನಷ್ಟಗಲದ ಮೆಮೊರಿ ಕಾರ್ಡು ಕೈಗಿಟ್ಟ. "ಅಣ್ಣ, ನಮ್ಮ ಮಾವನ ಚಿತ್ರಗಳೆಲ್ಲ ಇದರೊಳಗೇ ಅವೆ. ಆದ್ರೆ ಎಲ್ಲಿ ಅವೆ ಅಂತ ಗೊತ್ತಾಗ್ತಿಲ್ಲ" ಅಂದ.

ಅವನ ಸೋದರಮಾವ ನಮ್ಮ ಹೋಬಳಿಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ರಿಟೈರಾದ ಮೇಲೆ ಜಗುಲಿ ಮೇಲೆ ಕೂತು ಬೇಸಾಯದ ಹಳೇ ಸಾಮಾನುಗಳ ಚಿತ್ರ ಬರೆದರು. ಕೂರಿಗೆ, ಕುಂಟೆ, ನೊಗ, ಮೇಳಿ, ಕಪಿಲೆ, ಏತ, ರೋಣಗಲ್ಲು, ಮೊರ, ವಂದರಿ, ಕೊಳಗ, ಹಗೇವು, ಹೀಗೆ ಒಟ್ಟು 41. ಹಗೇವು ಅಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಇಪ್ಪತ್ತು ವರ್ಷದ ಹುಡುಗರು ನೋಡಿರಲಿಕ್ಕಿಲ್ಲ ಅಂತ ಹೇಳುತ್ತಿದ್ದೇನೆ. ಡ್ರಾಯಿಂಗ್ ಶೀಟಿನ ಮೇಲೆ ಕಪ್ಪು ಇಂಕು. ಪ್ರತಿ ಚಿತ್ರದ ಕೆಳಗೆ ಅದರ ಹೆಸರು, ಯಾವ ಮರದಲ್ಲಿ ಮಾಡುತ್ತಿದ್ದರು, ಯಾವ ಮಳೆಗೆ ಬಳಸುತ್ತಿದ್ದರು ಅಂತ ಎರಡು ಸಾಲು, ಅವರದೇ ಕೈಬರಹದಲ್ಲಿ.

2013ರಲ್ಲಿ ಈ ಸೋದರಳಿಯ ಡಿಪ್ಲೊಮಾ ಓದುತ್ತಿದ್ದ. ಕಾಲೇಜಿನ ಪ್ರಾಜೆಕ್ಟಿಗೆ ಅಂತ ಮಾವನ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಒಂದು ಆ್ಯಪ್ ಮಾಡಿದ. ಅದು ಪ್ಲೇ ಸ್ಟೋರಿಗೆ ಹೋಗಲಿಲ್ಲ. ಬ್ಲೂಟೂತಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಿ ಊರಿನ ಹತ್ತಿಪ್ಪತ್ತು ಫೋನಿನಲ್ಲಿತ್ತು, ಅಷ್ಟೇ. ಆಮೇಲೆ ಮೇಷ್ಟ್ರು ತೀರಿಕೊಂಡರು. ಶೀಟುಗಳನ್ನಿಟ್ಟಿದ್ದ ಟ್ರಂಕಿಗೆ ಗೆದ್ದಲು ಹತ್ತಿತು. ಹುಡುಗನ ಲ್ಯಾಪ್‌ಟಾಪಿನ ಡಿಸ್ಕು ಹೋಯಿತು. ಹಳೇ ಫೋನಿನ ಬ್ಯಾಟರಿ ಊದಿಕೊಂಡಿತು, ಗುಜರಿಗೆ ಹಾಕಿದರು. ಉಳಿದದ್ದು ಆ ಫೋನಿನ ಮೆಮೊರಿ ಕಾರ್ಡು. ಅದರಲ್ಲಿ ಒಂದೇ ಒಂದು ಎಪಿಕೆ ಫೈಲು.

ಈಗಿನ ಫೋನಿಗೆ ಹಾಕಿ ನೋಡಿದೆವು. ಇನ್‌ಸ್ಟಾಲ್ ಆಗಲಿಲ್ಲ. ಇದು ಫೋನಿನ ದೋಷವಲ್ಲ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದ, ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಕಾಲಕ್ಕೆಂದು ಮಾಡಿದ ಆ್ಯಪ್‌ಗಳನ್ನು ಫೋನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಳೇ ಆ್ಯಪ್ ವೇಷದಲ್ಲಿ ವೈರಸ್ ಬರುತ್ತದೆ ಅಂತ ಹಾಕಿದ ಬೇಲಿ ಅದು. ಬೇಲಿ ಸರಿಯೇ. ಆದರೆ ಮೇಷ್ಟ್ರ ಕೂರಿಗೆಯೂ ಬೇಲಿ ಆಚೆಗೇ ಉಳಿಯಿತು.

ಆ್ಯಪ್ ಓಡದಿದ್ದರೂ ಅದರೊಳಗಿನ ಚಿತ್ರ ತೆಗೆಯಬಹುದು. ಹೇಗೆ ಅಂತ ತಿಳಿಯಬೇಕಾದರೆ ಚಿತ್ರಗಳು ಅಲ್ಲಿಗೆ ಹೋಗಿ ಕೂತದ್ದು ಯಾಕೆ ಅಂತ ಮೊದಲು ಗೊತ್ತಿರಬೇಕು. ಅದನ್ನು ಪ್ರಿಂಟಿಂಗ್ ಪ್ರೆಸ್ಸಿನಿಂದ ಶುರು ಮಾಡುವುದು ಸುಲಭ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಪ್ರೆಸ್ಸನ್ನು ಹಿರಿಯರು ನೋಡಿರುತ್ತೀರಿ. ಲಗ್ನಪತ್ರಿಕೆ ಮಾಡಿಸಲು ಹೋದರೆ ಗಂಡಿನ ಹೆಸರು, ಹೆಣ್ಣಿನ ಹೆಸರು, ಮುಹೂರ್ತ ಎಲ್ಲವನ್ನೂ ಆಗಲೇ ಮೊಳೆ ಮೊಳೆಯಾಗಿ ಜೋಡಿಸುತ್ತಿದ್ದರು. ಮೇಲಿನ ಗಣಪತಿಯನ್ನು ಮಾತ್ರ ಯಾರೂ ಹೊಸದಾಗಿ ಮಾಡುತ್ತಿರಲಿಲ್ಲ. ಅದಕ್ಕೊಂದು ಬ್ಲಾಕ್ ಇರುತ್ತಿತ್ತು. ಮರದ ಡ್ರಾಯರಿನಲ್ಲಿ ಗಣಪತಿ, ವಾಲಗದವರು, ಕಳಶ, ಬಾಳೆಕಂಬ ಎಲ್ಲ ಮೊದಲೇ ಸಿದ್ಧ. ಕೆಲಸದವನಿಗೆ ಯಾವ ಬ್ಲಾಕು ಯಾವ ಡ್ರಾಯರಿನಲ್ಲಿದೆ ಅಂತ ಗೊತ್ತಿದ್ದರೆ ಸಾಕು.

ಆ್ಯಪ್ ಒಳಗೆ ತುಂಬಿ ಕಳಿಸುವ ಚಿತ್ರವೂ ಈ ಬ್ಲಾಕಿನ ಹಾಗೆ. ನೀವು ಆ್ಯಪ್ ತೆರೆದಾಗ ನೆಟ್ ಇಲ್ಲದಿದ್ದರೂ ಕಾಣುವ ಬಟನ್, ಲೋಗೊ, ಹಿನ್ನೆಲೆ ಚಿತ್ರ ಎಲ್ಲ ಆ್ಯಪ್ ಜೊತೆಗೇ ಬಂದವು. ವಾಟ್ಸ್ಆ್ಯಪ್‌ನಲ್ಲಿ ನಿಮ್ಮ ಅಕ್ಕ ಕಳಿಸಿದ ಮಗುವಿನ ಫೋಟೊ ಹಾಗಲ್ಲ. ಅದು ಆಮೇಲೆ ಬಂದದ್ದು, ಬೇರೆ ಜಾಗದಲ್ಲಿರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಗ್ಯಾಲರಿಯಲ್ಲಿ ಹುಡುಕಿ ಹುಡುಕಿ ಸುಸ್ತಾಗುತ್ತಾರೆ. ನಮ್ಮ ಹುಡುಗನೂ ಅದನ್ನೇ ಮಾಡಿದ್ದ.

ಡ್ರಾಯರನ್ನು ಬೇರೆ ಮಾಡಿ ಇಡುವ ಉಪಾಯ ಎಲ್ಲರಿಗೂ ಕಾಣುವ ಹಾಗೆ ಬಂದದ್ದು 1984ರಲ್ಲಿ, ಆಪಲ್ ಕಂಪನಿಯ ಮೆಕಿಂಟಾಷ್ ಕಂಪ್ಯೂಟರಿನಲ್ಲಿ. ಬ್ರೂಸ್ ಹಾರ್ನ್ ಎಂಬ ಎಂಜಿನಿಯರ್ ಪ್ರೋಗ್ರಾಮಿನ ಲೆಕ್ಕಾಚಾರದ ಭಾಗವನ್ನು ಒಂದು ಕಡೆ, ಚಿತ್ರ ಮತ್ತು ಮಾತುಗಳನ್ನು ಇನ್ನೊಂದು ಕಡೆ ಇಡುವ ವ್ಯವಸ್ಥೆ ಬರೆದರು. ಇಂಗ್ಲಿಷಿನ ಪ್ರೋಗ್ರಾಮನ್ನು ಇನ್ನೊಂದು ಭಾಷೆಗೆ ತರಬೇಕಾದರೆ ಇಡೀ ಪ್ರೋಗ್ರಾಮನ್ನು ಬಿಚ್ಚಬಾರದು, ಡ್ರಾಯರಿನಲ್ಲಿರುವುದನ್ನು ಬದಲಾಯಿಸಿದರೆ ಸಾಕು ಅನ್ನುವುದು ಇದರ ದೊಡ್ಡ ಲಾಭ. ಆ ಕಂಪ್ಯೂಟರಿನ ಪುಟ್ಟ ಚಿತ್ರಗಳನ್ನು ಬರೆದವರು ಸೂಸನ್ ಕೇರ್. ಅವರು ಗ್ರಾಫ್ ಹಾಳೆ ತಂದು ಚೌಕ ಚೌಕ ತುಂಬಿ ಬರೆದರು, 32 ಸಾಲು, 32 ಕಂಬ. ನಮ್ಮ ಮನೆ ಹೆಣ್ಣುಮಕ್ಕಳು ಚುಕ್ಕಿ ಇಟ್ಟು ರಂಗೋಲಿ ಕಲಿಯುವ ಹಾಗೆಯೇ.

ಇನ್ನು ಈ ಡ್ರಾಯರನ್ನೂ ಪ್ರೋಗ್ರಾಮನ್ನೂ ಸೇರಿಸಿ ಒಂದೇ ಮೂಟೆ ಕಟ್ಟುವುದು. ಅದು ಜಿಪ್. ಅಮೆರಿಕದ ಫಿಲ್ ಕಾಟ್ಜ್ ಎಂಬಾತ 1989ರಲ್ಲಿ ಇದನ್ನು ಮಾಡಿ, ವಿಧಾನವನ್ನು ಎಲ್ಲರೂ ಬಳಸಲು ಬಿಟ್ಟುಕೊಟ್ಟ. 2000ದಲ್ಲಿ, 37ನೇ ವಯಸ್ಸಿಗೆ ತೀರಿಕೊಂಡ. ಯಾವುದೇ ಜಿಪ್ ಮೂಟೆಯ ಒಳಗನ್ನು ಬರೀ ಅಕ್ಷರವಾಗಿ ತೆರೆದರೆ ಮೊದಲು ಕಾಣುವುದು ‘ಪಿಕೆ’ ಅನ್ನುವ ಎರಡು ಇಂಗ್ಲಿಷ್ ಅಕ್ಷರ. ಅವನ ಹೆಸರಿನ ಮೊದಲಕ್ಷರಗಳು. ಎಪಿಕೆ ಫೈಲೂ ಜಿಪ್ ಮೂಟೆಯೇ. ಸೋಲೂರಿನಲ್ಲಿ ಸಿಕ್ಕ ಈ ಫೈಲಿನ ತಲೆಯ ಮೇಲೂ ಆ ಎರಡಕ್ಷರ ಇತ್ತು.

ಆಂಡ್ರಾಯ್ಡ್ ಬರುವ ಮುಂಚೆ ನಮ್ಮ ಕಡೆ ಫೋನಿನಲ್ಲಿ ಚಿತ್ರ ಅಂದರೆ ನೋಕಿಯಾ. ಪೇಪರಿನಲ್ಲಿ ಪುಟ್ಟ ಪುಟ್ಟ ಚಿತ್ರ ಹಾಕಿ, ಇಂಥ ನಂಬರಿಗೆ ಮೆಸೇಜ್ ಕಳಿಸಿದರೆ ಈ ಚಿತ್ರ ನಿಮ್ಮ ಫೋನಿಗೆ ಬರುತ್ತದೆ ಅಂತ ಜಾಹೀರಾತು ಬರುತ್ತಿತ್ತು, ನೆನಪಿದೆಯಾ? ಆ ಪಿಕ್ಚರ್ ಮೆಸೇಜಿನ ಅಳತೆ 72 ಚುಕ್ಕಿ ಅಗಲ, 28 ಚುಕ್ಕಿ ಎತ್ತರ. ಬಣ್ಣ ಎರಡೇ, ಚುಕ್ಕಿ ಇದೆ ಅಥವಾ ಇಲ್ಲ. ಆಮೇಲೆ ಜಾವಾ ಗೇಮುಗಳು ಬಂದವು. ಅವೂ ಜಿಪ್ ಮೂಟೆಗಳೇ, ಹೆಸರು ಮಾತ್ರ ‘ಜಾರ್’. ಕೆಲವು ಹಳೇ ನೋಕಿಯಾ ಫೋನುಗಳು 64 ಕೆಬಿಗಿಂತ ದೊಡ್ಡ ಮೂಟೆ ಒಳಗೆ ಬಿಡುತ್ತಿರಲಿಲ್ಲ. ಇವತ್ತು ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ ಇಡೀ ಗೇಮು ಮುಗಿಸಬೇಕಾಗಿದ್ದರಿಂದ ಹತ್ತಾರು ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ಇಟ್ಟು, ಬೇಕಾದಾಗ ಕತ್ತರಿಸಿ ತೋರಿಸುತ್ತಿದ್ದರು.

ಹಳ್ಳಿಯವರಿಗೆ ಅಂತಲೇ ಒಂದು ಕೈಕಂಪ್ಯೂಟರ್ ಮಾಡುವ ಕೆಲಸ ನಮ್ಮ ಪಕ್ಕದ ಬೆಂಗಳೂರಿನಲ್ಲೇ ನಡೆದಿತ್ತು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ್ದು. ಓದು ಬಾರದವರೂ ಚಿತ್ರ ಮುಟ್ಟಿ ಬಳಸಬೇಕು, ಕನ್ನಡದಲ್ಲಿ ಅದು ಮಾತಾಡಬೇಕು ಅನ್ನುವುದು ಆಸೆ. 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಜನರ ಕೈಗೆ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲು ಬಂದುಬಿಟ್ಟಿತ್ತು. ಮುಟ್ಟುವ ಪರದೆ, ಚಿತ್ರದ ಬಟನ್ ಎಲ್ಲ ಹತ್ತು ವರ್ಷ ಮುಂಚೆಯೇ ನಮ್ಮವರ ತಲೆಯಲ್ಲಿತ್ತು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಆ ಅಗ್ಗದ ಮೊಬೈಲಿಗೆ ಕನ್ನಡ ಬರುತ್ತಿರಲಿಲ್ಲ. ಮೇಷ್ಟ್ರ ಚಿತ್ರದ ಕಥೆಗೂ ಇದಕ್ಕೂ ನೇರ ಸಂಬಂಧವಿದೆ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ.

ಪ್ರಪಂಚದ ಎಲ್ಲ ಲಿಪಿಗಳಿಗೂ ನಂಬರು ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ನಂಬರು ಸಿಕ್ಕಿದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಇಂಗ್ಲಿಷಿನಲ್ಲಿ ಒಂದರ ಪಕ್ಕ ಒಂದು ಅಕ್ಷರ ಇಟ್ಟರೆ ಮುಗಿಯಿತು. ಕನ್ನಡದಲ್ಲಿ ‘ಸ್ತ್ರೀ’ ಅಂತ ಬರೆಯಬೇಕಾದರೆ ಸಕಾರದ ಕೆಳಗೆ ತಕಾರದ ಒತ್ತು, ಅದಕ್ಕೆ ರಕಾರ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇದನ್ನೆಲ್ಲ ಜೋಡಿಸುವ ಒಬ್ಬ ಮೊಳೆ ಜೋಡಿಸುವವನು ಫೋನಿನೊಳಗೆ ಇರಬೇಕು. 2012ಕ್ಕೆ ಮುಂಚಿನ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡಕ್ಕೆ ಅವನಿರಲಿಲ್ಲ. ಕನ್ನಡದ ಜಾಗದಲ್ಲಿ ಸಾಲಾಗಿ ಚೌಕ ಡಬ್ಬಿಗಳು ಬರುತ್ತಿದ್ದವು. ಎಲ್ಲಿಂದಲೋ ಫಾಂಟ್ ತಂದು ಹಾಕಿದರೆ ಅಕ್ಷರ ಬರುತ್ತಿತ್ತು, ಒತ್ತು ಮಾತ್ರ ಪಕ್ಕಕ್ಕೆ ಬಿದ್ದಿರುತ್ತಿತ್ತು.

ಕಂಪ್ಯೂಟರಿನಲ್ಲಿ ಬರಹ, ನುಡಿ ಇದ್ದವು. ಶೇಷಾದ್ರಿ ವಾಸು ಅವರ ಬರಹ 1998ರದ್ದು. ನುಡಿಯನ್ನು ಕನ್ನಡ ಗಣಕ ಪರಿಷತ್ತು ಮಾಡಿತು, ಸರ್ಕಾರಿ ಕಚೇರಿಗಳಲ್ಲಿ ಅದೇ ನಡೆಯಿತು. ಮೊಬೈಲಿನಲ್ಲಿ ಕನ್ನಡ ಓದಬೇಕಾದರೆ ಜನ ಒಂದು ಅಡ್ಡದಾರಿ ಹಿಡಿದಿದ್ದರು. ಒಪೆರಾ ಮಿನಿ ಬ್ರೌಸರಿನಲ್ಲಿ ಅಡ್ರೆಸ್ ಹಾಕುವ ಜಾಗಕ್ಕೆ ‘ಒಪೆರಾ ಕಾನ್‌ಫಿಗ್’ ಅಂತ ಹಾಕಿ, ಒಳಗೆ ಬಿಟ್‌ಮ್ಯಾಪ್ ಫಾಂಟ್ ಅನ್ನುವ ಕಡೆ ‘ಎಸ್’ ಒತ್ತುವುದು. ಆಗ ಎಲ್ಲೋ ದೂರದ ಕಂಪ್ಯೂಟರು ಕನ್ನಡದ ಸಾಲುಗಳನ್ನು ಚಿತ್ರವಾಗಿ ಬರೆದು ಫೋನಿಗೆ ಕಳಿಸುತ್ತಿತ್ತು. ನಾನು ಡಿಪ್ಲೊಮಾ ಓದುವಾಗ ಬಸ್ಸಿನಲ್ಲಿ ಸುದ್ದಿ ಓದುತ್ತಿದ್ದದ್ದು ಹೀಗೆಯೇ. ಫೋನಿಗೆ ಅದು ಕನ್ನಡ ಅಂತ ಗೊತ್ತಿರಲಿಲ್ಲ. ಅದರ ಲೆಕ್ಕದಲ್ಲಿ ಅದು ಬರೀ ಕಪ್ಪು ಬಿಳಿ ಚುಕ್ಕಿ.

ಆ್ಯಪ್ ಮಾಡುವವರೂ ಇದೇ ದಾರಿ ಹಿಡಿದರು. ಕನ್ನಡ ಗಾದೆ, ವಚನ, ಅಡುಗೆ ಯಾವುದೇ ಇರಲಿ, ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಅದನ್ನು ಚಿತ್ರ ಮಾಡಿ, ಆ್ಯಪ್ ಒಳಗೆ ಇಟ್ಟುಬಿಡುವುದು. ಮೂಟೆ ದಪ್ಪಗಾಗುತ್ತಿತ್ತು. ಹುಡುಕಲು ಬರುತ್ತಿರಲಿಲ್ಲ, ಕಾಪಿ ಮಾಡಲು ಬರುತ್ತಿರಲಿಲ್ಲ. ಆದರೆ ಓದಲು ಬರುತ್ತಿತ್ತು.

ಈಗ ಮೆಮೊರಿ ಕಾರ್ಡಿಗೆ ಬರೋಣ. ಕಂಪ್ಯೂಟರಿನಲ್ಲಿ ಫೈಲಿನ ಒಂದು ಕಾಪಿ ಮಾಡಿಕೊಂಡು, ಅದರ ಹೆಸರಿನ ಕೊನೆಯಲ್ಲಿದ್ದ ‘ಎಪಿಕೆ’ ತೆಗೆದು ‘ಜಿಪ್’ ಅಂತ ಹಾಕಿದೆ. ಒತ್ತಿದೆ, ತೆರೆಯಿತು. ಹುಡುಗ ಬೆಪ್ಪಾಗಿ ನೋಡಿದ. ತಾನೇ ಕಟ್ಟಿದ ಮೂಟೆ, ಗಂಟು ಬಿಚ್ಚುವುದು ಇಷ್ಟು ಸುಲಭ ಅಂತ ಅವನಿಗೂ ಮರೆತಿತ್ತು.

ಒಳಗೆ ಏಳೆಂಟು ಹೆಸರು. ಅದರಲ್ಲಿ ಚಿತ್ರಕ್ಕೆ ಸಂಬಂಧಪಟ್ಟವು ಎರಡೇ ಫೋಲ್ಡರು: ‘ರೆಸ್’ ಮತ್ತು ‘ಅಸೆಟ್ಸ್’. ನೀವು ತೆರೆದರೆ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿರುತ್ತವೆ. ರೆಸ್ ಒಳಗೆ ‘ಡ್ರಾಯೆಬಲ್’ ಅಂತ ಶುರುವಾಗುವ ನಾಲ್ಕು ಫೋಲ್ಡರು, ಹಿಂದೆ ಎಲ್‌ಡಿಪಿಐ, ಎಂಡಿಪಿಐ, ಎಚ್‌ಡಿಪಿಐ, ಎಕ್ಸ್‌ಎಚ್‌ಡಿಪಿಐ ಅನ್ನುವ ಬಾಲ.

ಈ ಬಾಲಗಳಿಗೂ ಒಂದು ಕಥೆ ಇದೆ. ಮೊದಲ ಆಂಡ್ರಾಯ್ಡ್ ಫೋನು 2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಂದಾಗ ಪರದೆ ಒಂದೇ ಅಳತೆ, 320 ಚುಕ್ಕಿಗೆ 480 ಚುಕ್ಕಿ. ಹಾಗಾಗಿ ಚಿತ್ರವೂ ಒಂದೇ ಅಳತೆ ಸಾಕಿತ್ತು. ವರ್ಷದೊಳಗೆ ನಾನಾ ಕಂಪನಿಗಳು ನಾನಾ ಅಳತೆಯ ಪರದೆ ಮಾಡತೊಡಗಿದವು. ಒಂದು ಅಂಗುಲಕ್ಕೆ 120 ಚುಕ್ಕಿ ಇರುವ ಅಗ್ಗದ ಫೋನು, 240 ಇರುವ ದುಬಾರಿ ಫೋನು. ಒಂದೇ ಚಿತ್ರ ಇಲ್ಲಿ ಕೊಳಗದಷ್ಟು, ಅಲ್ಲಿ ಚಟಾಕಿನಷ್ಟು ಕಾಣುತ್ತದೆ. 2009ರ ಸೆಪ್ಟೆಂಬರಿನಲ್ಲಿ ಬಂದ ಆಂಡ್ರಾಯ್ಡ್ 1.6 ಇದಕ್ಕೆ ದಾರಿ ಮಾಡಿತು. ಒಂದೇ ಚಿತ್ರವನ್ನು ಬೇರೆ ಬೇರೆ ಅಳತೆಯಲ್ಲಿ ಮಾಡಿ, ಒಂದೇ ಹೆಸರು ಕೊಟ್ಟು, ಬೇರೆ ಬೇರೆ ಫೋಲ್ಡರಿನಲ್ಲಿಡಿ; ತನ್ನ ಪರದೆಗೆ ಹೊಂದುವುದನ್ನು ಫೋನೇ ಆರಿಸಿಕೊಳ್ಳುತ್ತದೆ ಅಂತ. ಎಲ್‌ಡಿಪಿಐ ಅಂದರೆ 120, ಎಂಡಿಪಿಐ 160, ಎಚ್‌ಡಿಪಿಐ 240. ಎಕ್ಸ್‌ಎಚ್‌ಡಿಪಿಐ 320, ಅದು ಆಮೇಲೆ ಸೇರಿದ್ದು. ಹೊಂದುವ ಫೋಲ್ಡರಿನಲ್ಲಿ ಚಿತ್ರ ಇಲ್ಲದಿದ್ದರೆ ಫೋನು ಸುಮ್ಮನಾಗುವುದಿಲ್ಲ, ಪಕ್ಕದ ಫೋಲ್ಡರಿನಿಂದ ತಂದು ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಎಚ್‌ಡಿಪಿಐ ತೆರೆದೆವು. 37 ಚಿತ್ರ! ಹೆಸರುಗಳು ಮಾತ್ರ ‘ಪಿಕ್_01’, ‘ಪಿಕ್_02’ ಅಂತ. "ಕೂರಿಗೆ ಅಂತ ಇಡೋಕೆ ಏನಾಗಿತ್ತೋ?" ಅಂದೆ. "ಕನ್ನಡದಲ್ಲಿ ಇಟ್ರೆ ತಗೊಳ್ತಿರಲಿಲ್ಲ ಕಣಣ್ಣ. ಇಂಗ್ಲಿಷಿನಲ್ಲಿ ಯಾಕೆ ಬರೀಬೇಕು ಅಂತ ನಂಬರು ಹಾಕ್ದೆ" ಅಂದ. ನಿಜ, ರೆಸ್ ಒಳಗಿನ ಚಿತ್ರದ ಹೆಸರಿನಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡಿಗೆರೆ ಬಿಟ್ಟು ಇನ್ನೇನೂ ಇರುವಂತಿಲ್ಲ.

ಹೆಸರು ಹೋದರೂ ಚಿಂತೆಯಿರಲಿಲ್ಲ. ಪ್ರತಿ ಚಿತ್ರ ತೆರೆದಾಗಲೂ ಕೆಳಗೆ ಮೇಷ್ಟ್ರ ದುಂಡು ಅಕ್ಷರ. ಕೂರಿಗೆ. ಕುಂಟೆ. ರೋಣಗಲ್ಲು. ಯಾವ ಮರ, ಯಾವ ಮಳೆ. 2013ರಲ್ಲಿ ಹುಡುಗನ ಕೈಯಲ್ಲಿದ್ದ ಫೋನಿಗೆ ಕನ್ನಡ ಬರುತ್ತಿದ್ದರೆ ಅವನು ಚಿತ್ರವನ್ನಷ್ಟೇ ಕತ್ತರಿಸಿಕೊಂಡು, ಹೆಸರನ್ನೂ ವಿವರವನ್ನೂ ಟೈಪ್ ಮಾಡಿಬಿಡುತ್ತಿದ್ದ. ಹಾಗೆ ಮಾಡಬೇಕು ಅಂತಲೇ ಇದ್ದೆ ಅಂತ ಅವನೇ ಹೇಳಿದ. ಡಬ್ಬಿಗಳು ಬಂದವು, ಬೇಸರವಾಗಿ ಇಡೀ ಶೀಟನ್ನೇ ಹಾಗೇ ಒಳಗೆ ಹಾಕಿದ. ಫೋನಿಗೆ ಕನ್ನಡ ಬರದಿದ್ದದ್ದರಿಂದ ಮೇಷ್ಟ್ರ ಕೈಬರಹ ಉಳಿಯಿತು.

ಅಷ್ಟರಲ್ಲಿ ಆಂಡ್ರಾಯ್ಡ್ ಕನ್ನಡ ಕಲಿತಾಗಿತ್ತು ಅನ್ನುವುದು ತಮಾಷೆ. 2012ರ ಜುಲೈನಲ್ಲಿ ಬಂದ 4.1ನೇ ಆವೃತ್ತಿಯಲ್ಲಿ ಕನ್ನಡ ಸೇರಿತು. ಆದರೆ ನಮ್ಮ ಸಂತೆಯಲ್ಲಿ ಸಿಗುತ್ತಿದ್ದ ಫೋನುಗಳೆಲ್ಲ ಇನ್ನೂ 2.3ರಲ್ಲೇ ಇದ್ದವು. ದೇಶದಲ್ಲಿ ಮಾರುವ ಎಲ್ಲ ಮೊಬೈಲಿನಲ್ಲೂ ಭಾರತದ 22 ಭಾಷೆಗಳನ್ನು ಓದಲು ಬರಬೇಕು ಅನ್ನುವ ಮಾನದಂಡವನ್ನು ಬಿಐಎಸ್ ತಂದದ್ದು 2016ರಲ್ಲಿ. ಇನ್ನೊಂದು ಸಂಗತಿ: ಡ್ರಾಯೆಬಲ್ ಹಿಂದೆ ‘ಕೆಎನ್’ ಅಂತ ಬಾಲ ಹಾಕಿದರೆ, ಕನ್ನಡದಲ್ಲಿಟ್ಟ ಫೋನಿಗೆ ಮಾತ್ರ ಬೇರೆ ಚಿತ್ರ ತೋರಿಸಬಹುದು. ಮೆಕಿಂಟಾಷ್ ಕಾಲದ ಅದೇ ಉಪಾಯ, ಕನ್ನಡಕ್ಕೂ ಒಂದು ಡ್ರಾಯರು. ಬೇರೆ ಬೇರೆ ಆ್ಯಪ್‌ಗಳನ್ನು ಬಿಚ್ಚಿ ನೋಡುವುದು ನನಗೊಂದು ಚಟ. ಆ ಡ್ರಾಯರಿನಲ್ಲಿ ಚಿತ್ರ ಇಟ್ಟವರನ್ನು ನಾನಿನ್ನೂ ಕಂಡಿಲ್ಲ.

37 ಆಯಿತು. ನಾಲ್ಕು ಬೇಕು.

‘ಅಸೆಟ್ಸ್’ ತೆರೆದೆವು. ರೆಸ್ ಫೋಲ್ಡರು ಪ್ರೆಸ್ಸಿನ ಡ್ರಾಯರಾದರೆ ಇದು ಮೂಲೆಯಲ್ಲಿಟ್ಟ ಟ್ರಂಕು. ಅಳತೆ ನೋಡಿ ಆರಿಸುವುದು, ಹೆಸರಿನ ಕಟ್ಟುಪಾಡು ಯಾವುದೂ ಇಲ್ಲಿಲ್ಲ. ಏನಿಟ್ಟರೂ ಇಟ್ಟ ಹಾಗೇ ಇರುತ್ತದೆ, ಒಳಗೆ ಇನ್ನಷ್ಟು ಫೋಲ್ಡರು ಮಾಡಿಕೊಳ್ಳಬಹುದು. ಫಾಂಟು, ಹಾಡು, ವೆಬ್ ಪುಟ, ದೊಡ್ಡ ಚಿತ್ರಗಳನ್ನು ಜನ ಇಲ್ಲಿಡುತ್ತಾರೆ. ಇಲ್ಲಿ ಮೂರು ಸಿಕ್ಕವು: ಕಪಿಲೆ, ಏತ, ಕಣ. ದೊಡ್ಡ ಶೀಟಿನ ಚಿತ್ರಗಳು, ಬೆರಳಲ್ಲಿ ಹಿಗ್ಗಿಸಿ ನೋಡಲಿ ಅಂತ ವೆಬ್ ಪುಟ ಮಾಡಿ ಇಟ್ಟಿದ್ದನಂತೆ. ಎಚ್‌ಡಿಪಿಐನ ಚಿತ್ರಗಳು 480 ಚುಕ್ಕಿ ಅಗಲವಾದರೆ ಇವು 1600. ಕಪಿಲೆಯ ಎತ್ತಿನ ಮೂಗುದಾರದ ಎಳೆಯೂ ಕಾಣುತ್ತಿತ್ತು.

ಉಳಿದದ್ದು ಹಗೇವು. ಎಂಡಿಪಿಐ, ಎಕ್ಸ್‌ಎಚ್‌ಡಿಪಿಐ ಎರಡರಲ್ಲೂ ಆ್ಯಪ್‌ನ ಐಕಾನು ಬಿಟ್ಟರೆ ಏನಿಲ್ಲ. ‘ಬರ್ಲಿಲ್ವೇನೋ, ನಾನೇ ಬಿಟ್ಟಿದ್ದೆನೇನೋ’ ಅಂತ ಅವನು ಕೈಚೆಲ್ಲಿದ. ಕೊನೆಗೆ ಎಲ್‌ಡಿಪಿಐ ತೆರೆದೆವು. ಅಲ್ಲಿ ಆರು ಚಿತ್ರ, ಮೊಟ್ಟಮೊದಲು ತನ್ನ ಮೂರಿಂಚಿನ ಫೋನಿಗೆ ಅಂತ ಮಾಡಿ ನೋಡಿದ್ದವು. ಐದು ಆಗಲೇ ಸಿಕ್ಕವುಗಳದ್ದೇ ಚಿಕ್ಕ ರೂಪ. ಆರನೆಯದು ಹಗೇವು. ದೊಡ್ಡ ಅಳತೆಯಲ್ಲಿ ಮಾಡಲು ಮರೆತಿದ್ದ. ಫೋನು ಚಿಕ್ಕದನ್ನೇ ಹಿಗ್ಗಿಸಿ ತೋರಿಸುತ್ತಿದ್ದರಿಂದ ಮರೆತದ್ದು ಯಾರಿಗೂ ಗೊತ್ತಾಗಿರಲಿಲ್ಲ. ಅಗಲ 240 ಚುಕ್ಕಿ. ಚಿತ್ರ ತಿಳಿಯುತ್ತದೆ: ನೆಲದ ಮಟ್ಟಕ್ಕೆ ಬಾಯಿ, ಒಳಗೆ ಗುಡಾಣದ ಹಾಗೆ ಅಗಲ, ಪಕ್ಕದಲ್ಲಿ ಕಲ್ಲಿನ ಮುಚ್ಚಳ. ಕೆಳಗಿನ ಎರಡು ಸಾಲು ಮಾತ್ರ ಇರುವೆ ಹರಿದ ಹಾಗಿತ್ತು. ಓದಲಾಗಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಳೇ ಆ್ಯಪ್ ಇದ್ದರೆ ತಡಮಾಡಬೇಡಿ. ಫೈಲು ಕೈಯಲ್ಲಿದ್ದರೆ ನಾವು ಮಾಡಿದ ಹಾಗೆ ಮಾಡಿ. ಫೈಲಿಲ್ಲದೆ ಆ್ಯಪ್ ಮಾತ್ರ ಫೋನಿನಲ್ಲಿದ್ದರೆ, ಕೆಲವು ಫೈಲ್ ಮ್ಯಾನೇಜರುಗಳಲ್ಲಿ ‘ಆ್ಯಪ್ಸ್’ ವಿಭಾಗಕ್ಕೆ ಹೋಗಿ ಬ್ಯಾಕಪ್ ಒತ್ತಿದರೆ ಎಪಿಕೆ ಸಿಗುತ್ತದೆ. ಒಂದು ಚಿತ್ರ ಆ್ಯಪ್ ಒಳಗಿನದೋ, ನೆಟ್ಟಿನಿಂದ ಬರುವುದೋ ತಿಳಿಯಬೇಕಾದರೆ ಸೆಟ್ಟಿಂಗ್ಸಿನಲ್ಲಿ ಆ ಆ್ಯಪ್‌ನ ಕ್ಯಾಷೆ ಅಳಿಸಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ತೆರೆಯಿರಿ. ಆಗಲೂ ಕಂಡರೆ ಬಹುಮಟ್ಟಿಗೆ ಒಳಗಿನದೇ. ‘ಕ್ಲಿಯರ್ ಡೇಟಾ’ ಮಾತ್ರ ಒತ್ತಬೇಡಿ, ನೀವು ಬರೆದಿಟ್ಟದ್ದೆಲ್ಲ ಹೋಗುತ್ತದೆ.

ಹೊಸ ಆ್ಯಪ್‌ಗಳಲ್ಲಿ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಗೂಗಲ್ 2010ರಲ್ಲಿ ತಂದ ವೆಬ್‌ಪಿ ಅನ್ನುವ ಚಿತ್ರದ ಬಗೆ ಈಗ ಹೆಚ್ಚು. ಹಳೇ ಕಂಪ್ಯೂಟರಿನಲ್ಲಿ ಅದು ತೆರೆಯದೇ ಇರಬಹುದು. 2014ರ ಆಂಡ್ರಾಯ್ಡ್ 5ರಿಂದ ಐಕಾನುಗಳನ್ನು ಚಿತ್ರವಾಗಿ ಇಡುವುದೇ ಕಡಿಮೆಯಾಯಿತು, ಗೆರೆ ಎಲ್ಲಿಂದ ಎಲ್ಲಿಗೆ ಎಳೆಯಬೇಕು ಅನ್ನುವ ಲೆಕ್ಕ ಮಾತ್ರ ಇರುತ್ತದೆ. ರಂಗೋಲಿ ಬಿಟ್ಟಿರುವುದಿಲ್ಲ, ‘ಏಳರಿಂದ ನಾಲ್ಕು ಚುಕ್ಕಿ’ ಅಂತ ಬರೆದ ಚೀಟಿ ಇರುತ್ತದೆ, ಅಂದುಕೊಳ್ಳಿ. ಎಷ್ಟೋ ಆ್ಯಪ್‌ಗಳಲ್ಲಿ ಫೈಲಿನ ಹೆಸರುಗಳನ್ನೂ ಒಂದೆರಡು ಅಕ್ಷರಕ್ಕೆ ಮೊಟಕು ಮಾಡಿರುತ್ತಾರೆ. ಇನ್ನು 2021ರ ಆಗಸ್ಟಿನಿಂದ ಪ್ಲೇ ಸ್ಟೋರಿಗೆ ಹೊಸದಾಗಿ ಬರುವ ಆ್ಯಪ್‌ಗಳು ಬಿಡಿ ಬಿಡಿ ಮೂಟೆಯಲ್ಲಿ ಇಳಿಯುತ್ತವೆ. ನಿಮ್ಮ ಪರದೆಗೆ ಬೇಕಾದ ಅಳತೆಯ ಚಿತ್ರ ಮಾತ್ರ ನಿಮ್ಮ ಫೋನಿಗೆ. ಡೇಟಾ ಉಳಿಯುತ್ತದೆ, ಒಳ್ಳೆಯದೇ. ಆದರೆ ನಮ್ಮ ಹುಡುಗನ ಆ್ಯಪ್ ಆ ರೀತಿ ಇಳಿದಿದ್ದರೆ ಎಲ್‌ಡಿಪಿಐ ಫೋಲ್ಡರು ಬೇರೆಯವರ ಫೋನಿಗೆ ಬರುತ್ತಲೇ ಇರಲಿಲ್ಲ.

ಐಕಾನಿನ ಮಾತು ಬಂತು, ಒಂದು ಎಚ್ಚರಿಕೆ. ಪಿಎಂ ಕಿಸಾನ್ ಹಣ, ಗಾಡಿ ಫೈನು ಅಂತ ಹೇಳಿಕೊಂಡು ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಬರುತ್ತವೆ. ನಾಲ್ಕು ಸಿಂಹದ ಲಾಂಛನ ಇದೆ, ಸರ್ಕಾರದ್ದೇ ಅಂತ ಜನ ಒತ್ತಿಬಿಡುತ್ತಾರೆ. ಆ ಲಾಂಛನ ರೆಸ್ ಒಳಗಿನ ‘ಮಿಪ್‌ಮ್ಯಾಪ್’ ಅನ್ನುವ ಫೋಲ್ಡರಿನಲ್ಲಿಟ್ಟ ಒಂದು ಚಿತ್ರ, ಅಷ್ಟೇ. ಯಾರು ಬೇಕಾದರೂ ಇಡಬಹುದು. ಗಣಪತಿ ಬ್ಲಾಕ್ ಇದ್ದ ಮಾತ್ರಕ್ಕೆ ಅದು ನಿಮ್ಮ ಮನೆ ಮದುವೆ ಕಾಗದ ಆಗುವುದಿಲ್ಲವಲ್ಲ. ಅಂಥವನ್ನು ಇನ್‌ಸ್ಟಾಲ್ ಮಾಡಬೇಡಿ.

ಚಿತ್ರಗಳನ್ನು ಡಿಟಿಪಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆವು. ಕಪಿಲೆ, ಏತ, ಕಣ ಮೂರೂ ಹಾಳೆ ತುಂಬ ಬಂದವು. ಉಳಿದ 37, ಹಾಳೆಗೆ ನಾಲ್ಕರಂತೆ. ಹಗೇವು ಬೆಂಕಿಪೊಟ್ಟಣದ ಗಾತ್ರಕ್ಕೆ ನಿಂತಿತು. ಅದಕ್ಕಿಂತ ದೊಡ್ಡದು ಮಾಡಿದರೆ ಬರೀ ಚೌಕಗಳು.

ಮೇಷ್ಟ್ರ ಹೆಂಡತಿಗೆ ತೋರಿಸಲು ಹೋದೆವು. ಅಜ್ಜಿ ಕನ್ನಡಕ ಏರಿಸಿ ಒಂದೊಂದೇ ಹಾಳೆ ನೋಡಿದರು. ಕೂರಿಗೆಗೆ ಏನೂ ಹೇಳಲಿಲ್ಲ, ಮೊರದ ಮೇಲೆ ಕೈಯಾಡಿಸಿದರು. ಹಗೇವು ಬಂದಾಗ ನಿಲ್ಲಿಸಿದರು.

"ಇದು ನಮ್ಮನೆ ಹಗೇವಲ್ಲ ಕಣಪ್ಪ. ಅವರಮ್ಮನ ಊರಿಂದು. ನಮ್ಮನೇದಕ್ಕೆ ಬಾಯಿ ಕಿರಿದು."

ಕೆಳಗೆ ಏನು ಬರೆದಿದ್ದರು ಅಂತ ಗೊತ್ತಾಗುತ್ತಿಲ್ಲ ಅಜ್ಜಿ ಅಂದೆ.

"ಗೊತ್ತಾಗ್ದೆ ಏನು, ನನ್ನೇ ಕೇಳಿ ಬರ್ಕೊಂಡಿದ್ರು. ಬಾಯಿ ತೆಗೆದ ತಕ್ಷಣ ಇಳೀಬಾರ್ದು, ಒಳಗೆ ಕೆಟ್ಟ ಗಾಳಿ ಇರ್ತದೆ. ದೀಪ ಇಳಿಬಿಟ್ಟು ನೋಡ್ಬೇಕು. ಆರಿದ್ರೆ ಇಳೀಬೇಡ. ಅಷ್ಟೇ ಎರಡು ಸಾಲು."

ಹುಡುಗ ಅಲ್ಲೇ ಕೂತು ಹಾಳೆಯ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದುಕೊಂಡ. ಸಂಜೆ ಕಂಪ್ಯೂಟರಿನಲ್ಲಿ ಎಲ್ಲ ಚಿತ್ರಗಳ ಹೆಸರು ಬದಲಾಯಿಸಿದೆವು. ಈಗ ಕನ್ನಡದಲ್ಲಿ ಹೆಸರಿಟ್ಟರೆ ಕಂಪ್ಯೂಟರು ತಗೊಳ್ಳುತ್ತದೆ. 41ನೇ ಫೈಲಿಗೆ ‘ಹಗೇವು, ಅಮ್ಮನ ಊರಿನದು’ ಅಂತ ಹಾಕಿ, ಎರಡು ಪೆನ್‌ಡ್ರೈವಿಗೂ ಊರಿನ ಶಾಲೆಯ ಕಂಪ್ಯೂಟರಿಗೂ ಕಾಪಿ ಮಾಡಿಕೊಟ್ಟು ಬಂದೆವು.